ತಂದೆಯವರ ಜಾವಾ: ಒಂದು ಎಂಜಿನ್ನಿನ ಜೀರ್ಣೋದ್ಧಾರ

ದೇವಾಲಯಗಳಿಗೂ ಕೆರೆಗಳಿಗೂ ಜೀರ್ಣೋದ್ಧಾರವೆಂಬ ಮಾತು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಕುಸಿದ ಗೋಪುರವನ್ನು ಎತ್ತಿ ನಿಲ್ಲಿಸಿದವನಿಗೆ, ಹೂಳು ತುಂಬಿದ ಕೆರೆಯನ್ನು ತೋಡಿಸಿದವನಿಗೆ, ಹೊಸದಾಗಿ ಕಟ್ಟಿಸಿದವನಿಗಿಂತಲೂ ಹೆಚ್ಚಿನ ಪುಣ್ಯವೆಂದು ಹಿರಿಯರು ಹೇಳುತ್ತಿದ್ದರು. ಆ ಮಾತನ್ನು ಒಂದು ಮೋಟಾರು ಸೈಕಲ್ಲಿನ ಎಂಜಿನ್ನಿಗೆ ಅನ್ವಯಿಸಹೊರಟರೆ ವಾಚಕರಲ್ಲಿ ಕೆಲವರು ನಕ್ಕಾರು. ಮೂವತ್ತನಾಲ್ಕು ವರ್ಷ ಶಬ್ದರೂಪ ಧಾತುರೂಪಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿ ನಿವೃತ್ತನಾದ ನನ್ನಂಥವನಿಗೂ ಸ್ಪ್ಯಾನರಿಗೂ ಏನು ಸಂಬಂಧವೆಂದು ಇನ್ನು ಕೆಲವರು ಕೇಳಿಯಾರು. ಎರಡೂ ನ್ಯಾಯವೇ. ಆದರೆ ಕಳೆದ ವರ್ಷದ ಐದು ತಿಂಗಳುಗಳನ್ನು ನಾನು ಈ ಕೆಲಸದಲ್ಲಿ ಕಳೆದೆನು. ಕಳೆದುದಕ್ಕಿಂತ ಹೆಚ್ಚಾಗಿ ಪಡೆದೆನು. ಆ ವೃತ್ತಾಂತವನ್ನು ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿ ನಿವೇದಿಸುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ನಮ್ಮ ತಂದೆಯವರು ನೀರಾವರಿ ಇಲಾಖೆಯಲ್ಲಿ ಮೇಲ್ವಿಚಾರಕರಾಗಿದ್ದರು. ಶ್ರೀರಂಗಪಟ್ಟಣದಲ್ಲಿ ನಮ್ಮ ಮನೆ. ವಿರಿಜಾ ನಾಲೆಯ ಏರಿಯ ಮೇಲೆ ದಿನಂಪ್ರತಿ ಸಂಚರಿಸಿ ತೂಬುಗಳನ್ನು ನೋಡಿಕೊಳ್ಳುವುದು ಅವರ ಕರ್ತವ್ಯ. ಮೊದಲು ಬೈಸಿಕಲ್ಲಿನಲ್ಲಿ ಓಡಾಡುತ್ತಿದ್ದವರು 1967ನೆಯ ಇಸವಿಯಲ್ಲಿ ಸಾಲಸೋಲ ಮಾಡಿ ಒಂದು ಜಾವಾ ಮೋಟಾರು ಸೈಕಲ್ಲನ್ನು ಕೊಂಡರು. ಕೆಂಗಂದು ಬಣ್ಣದ ಮೈ, ಪಕ್ಕಗಳಲ್ಲಿ ಬೆಳ್ಳಿಯಂತೆ ಹೊಳೆಯುವ ಪೆಟ್ರೋಲು ತೊಟ್ಟಿ, ಹಿಂದಕ್ಕೆ ಚಾಚಿದ ಎರಡು ಹೊಗೆಕೊಳವೆಗಳು. ನಮ್ಮ ಬೀದಿಯ ಹುಡುಗರಿಗೆಲ್ಲ ಅದೊಂದು ಉತ್ಸವಮೂರ್ತಿಯೇ ಆಗಿತ್ತು. ಸಂಜೆ ನಾಲೆಯ ಕಡೆಯಿಂದ ಅದರ ಶಬ್ದವು ಕೇಳಿಬಂದೊಡನೆ ನಮ್ಮ ತಾಯಿಯವರು ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದರು.

ಜಾವಾ ಎಂಬ ಹೆಸರು ನಮ್ಮ ಸೀಮೆಯದಲ್ಲ. ಚೆಕ್ ದೇಶದ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತನು 1929ರಲ್ಲಿ ಮೋಟಾರು ಸೈಕಲ್ಲುಗಳನ್ನು ಮಾಡತೊಡಗಿ, ಜರ್ಮನಿಯ ವಾಂಡರರ್ ಕಂಪೆನಿಯ ವಿನ್ಯಾಸವೊಂದನ್ನು ಕೊಂಡುಕೊಂಡನು. ಅವನ ಹೆಸರಿನ ಮೊದಲೆರಡು ಅಕ್ಷರಗಳೂ ವಾಂಡರರ್ ಎಂಬುದರ ಮೊದಲೆರಡು ಅಕ್ಷರಗಳೂ ಕೂಡಿ ಜಾವಾ ಎಂದಾಯಿತು. ಸಂಸ್ಕೃತ ಬಲ್ಲವರು ಇದನ್ನು ದ್ವಂದ್ವ ಸಮಾಸವೆಂದು ಕರೆದರೆ ನಾನು ಆಕ್ಷೇಪಿಸುವುದಿಲ್ಲ. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಎಂಬ ಕಂಪೆನಿಯು ಸ್ಥಾಪಿತವಾಗಿ, ಮರುವರ್ಷದಿಂದ ಯಾದವಗಿರಿಯ ಕಾರ್ಖಾನೆಯಲ್ಲಿ ಗಾಡಿಗಳು ತಯಾರಾಗಹತ್ತಿದವು. 1973ರ ಸುಮಾರಿಗೆ ಅವುಗಳ ಹೆಸರು ಯೆಜ್ದಿ ಎಂದು ಬದಲಾಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಮೈಸೂರಿನ ಅನೇಕ ಮನೆಗಳಲ್ಲಿ ಆ ದಿನ ಒಲೆಯ ಉರಿ ತಗ್ಗಿತೆಂಬುದನ್ನು ಕಂಡವರು ಈಗಲೂ ಇದ್ದಾರೆ. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿಗಳು ಮತ್ತೆ ರಸ್ತೆಗೆ ಬಂದವು. ಅವು ಬೇರೆ ಬಗೆಯ ಎಂಜಿನ್ನಿನವು. ಹಳೆಯವನ್ನು ಪ್ರೀತಿಸುವವರಾದರೋ ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ತಮ್ಮ ತಮ್ಮ ಗಾಡಿಗಳನ್ನು ಹೊರಡಿಸಿಕೊಂಡು ಒಂದೆಡೆ ಸೇರುತ್ತಾರೆ.

ತಂದೆಯವರು 2001ರಲ್ಲಿ ಕಾಲವಾದರು. ಅದಕ್ಕೆ ಎರಡು ವರ್ಷ ಮೊದಲೇ ಗಾಡಿಯು ಹಿತ್ತಿಲ ಕೊಟ್ಟಿಗೆಯನ್ನು ಸೇರಿತ್ತು. ನಾನು ಮೈಸೂರಿನಲ್ಲಿ ಮನೆ ಮಾಡಿದೆನು; ತಾಯಿಯವರು ನನ್ನೊಡನೆ ಬಂದರು. ಶ್ರೀರಂಗಪಟ್ಟಣದ ಮನೆ ಪಾಳುಬೀಳತೊಡಗಿತು. ಕಳೆದ ವರ್ಷ ದೀಪಾವಳಿಗೆ ಬಂದಿದ್ದ ನನ್ನ ತಮ್ಮನು, “ಅಣ್ಣ, ಆ ಮನೆ ಮಾರಿಬಿಡೋಣ. ಗಾಡಿಗೂ ಒಬ್ಬ ಗಿರಾಕಿ ಇದ್ದಾನೆ. ಹೇಗಿದೆಯೋ ಹಾಗೇ ತಗೊಂಡು ಹೋಗ್ತಾನಂತೆ” ಎಂದನು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ಯುಗಾದಿಯವರೆಗೆ ಅವಕಾಶ ಕೇಳಿದೆನು. ಅಷ್ಟರೊಳಗೆ ಗಾಡಿ ನಡೆಯುವಂತಾದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ಕೊಟ್ಟುಬಿಡುವುದು ಎಂದು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು.

ನಾನು ಅವಕಾಶ ಕೇಳಿದುದಕ್ಕೆ ಪಿತೃಭಕ್ತಿಯೊಂದೇ ಕಾರಣವೆಂದರೆ ಅಸತ್ಯವಾದೀತು. ಇನ್ನೊಂದು ಕಾರಣವಿತ್ತು. ಅದನ್ನು ನಲವತ್ತು ವರ್ಷಗಳಿಂದ ಯಾರೊಡನೆಯೂ ಹೇಳಿರಲಿಲ್ಲ.

1985ನೆಯ ಇಸವಿಯ ಬೇಸಗೆ. ನಾನಾಗ ಇಪ್ಪತ್ತೊಂದು ವಯಸ್ಸಿನವನು. ಮೈಸೂರಿನ ಪಾಠಶಾಲೆಯಲ್ಲಿ ವ್ಯಾಕರಣ ಓದುತ್ತಿದ್ದೆನು. ತಂದೆಯವರು ಕಾರ್ಯಾರ್ಥವಾಗಿ ಬೆಂಗಳೂರಿಗೆ ಹೋಗಿದ್ದ ದಿನ, ಅವರ ಅಪ್ಪಣೆಯಿಲ್ಲದೆ ಗಾಡಿಯನ್ನು ತೆಗೆದುಕೊಂಡು ಸಹಪಾಠಿಯೊಬ್ಬನೊಡನೆ ನಂಜನಗೂಡಿಗೆ ಹೋದೆನು. ದೇವರ ದರ್ಶನವೆಂಬುದು ನೆಪ. ಗಾಡಿಯ ಸವಾರಿಯೇ ಉದ್ದೇಶ. ಅಲ್ಲಿ ಪೆಟ್ರೋಲು ಮುಗಿದಿತ್ತು. ತುಂಬಿಸಿಕೊಂಡೆನು. ಅದಕ್ಕೆ ಎಣ್ಣೆ ಬೆರೆಸಬೇಕೆಂಬುದನ್ನು ಮಾತಿನ ಉತ್ಸಾಹದಲ್ಲಿ ಮರೆತೆನು. ಹಿಂದಿರುಗುವಾಗ ಕಡಕೊಳದ ಬಳಿಯಲ್ಲಿ ಎಂಜಿನ್ನು ಒಮ್ಮೆ ಕಿರುಚಿ, ಹಿಂದಿನ ಚಕ್ರವನ್ನು ಹಿಡಿದುಕೊಂಡು ನಿಂತುಬಿಟ್ಟಿತು. ಇಬ್ಬರೂ ಬೀಳದೆ ಉಳಿದುದು ಪೂರ್ವಪುಣ್ಯ. ಅರ್ಧ ಗಂಟೆ ಮರದ ನೆರಳಿನಲ್ಲಿ ಕುಳಿತು, ಮೈ ಆರಿದ ಮೇಲೆ, ಅಂಗಡಿಯೊಂದರಲ್ಲಿ ಎಣ್ಣೆ ಕೊಂಡು ಬೆರೆಸಿ ಕಿಕ್ ಹೊಡೆದಾಗ ಅದು ಹೇಗೋ ಪುನಃ ನಡೆಯಿತು. ಮೆಲ್ಲನೆ ಮನೆಗೆ ತಂದು, ಒರಸಿ, ಇದ್ದ ಜಾಗದಲ್ಲಿಯೇ ನಿಲ್ಲಿಸಿದೆನು. ತಂದೆಯವರು ಬಂದರು, ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಕೇಳಲಿಲ್ಲವಾದುದರಿಂದ ಗೊತ್ತಾಗಲಿಲ್ಲವೆಂದೇ ಭಾವಿಸಿದೆನು. ಎಂಜಿನ್ನನ್ನು ಬಿಚ್ಚಿದರೆ ಆ ದಿನದ ಗಾಯಗಳು ಒಳಗೆ ಕಂಡಾವೆಂದು ನನಗೆ ತಿಳಿದಿತ್ತು. ಪರರ ಕೈಯಲ್ಲಿ ಅದು ಬಿಚ್ಚುವುದು ನನಗೆ ಇಷ್ಟವಿರಲಿಲ್ಲ.

ಇಲ್ಲಿ ಈ ಯಂತ್ರದ ರೀತಿಯನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ಇಲ್ಲವಾದರೆ ಎಣ್ಣೆಯನ್ನು ಮರೆತುದು ಅಷ್ಟು ದೊಡ್ಡ ಅಪರಾಧವೇಕೆಂಬುದು ವಾಚಕರಿಗೆ ಸ್ಪಷ್ಟವಾಗದು. ಬೈಸಿಕಲ್ಲಿಗೆ ಗಾಳಿ ತುಂಬುವ ಪಂಪನ್ನು ಎಲ್ಲರೂ ನೋಡಿರುತ್ತಾರೆ. ಹಾಗೆಯೇ ಎಂಜಿನ್ನಿನಲ್ಲಿಯೂ ಸಿಲಿಂಡರೆಂಬ ಒಂದು ಗುಂಡನೆಯ ಕೊಳವೆಯೂ, ಅದರೊಳಗೆ ಮೇಲಕ್ಕೂ ಕೆಳಕ್ಕೂ ಓಡಾಡುವ ಪಿಸ್ಟನ್ ಎಂಬ ಲೋಟದಾಕಾರದ ಒಂದು ಅಂಗವೂ ಇವೆ. ಜಾವಾದಲ್ಲಿ ಸಿಲಿಂಡರಿನ ವ್ಯಾಸ 65 ಮಿಲಿಮೀಟರು; ಪಿಸ್ಟನ್ ಓಡಾಡುವ ದೂರ 75 ಮಿಲಿಮೀಟರು. ಇವುಗಳಿಂದ ಲೆಕ್ಕ ಹಾಕಿದರೆ ಸುಮಾರು 249 ಘನ ಸೆಂಟಿಮೀಟರು ಆಗುತ್ತದೆ. 250 ಎಂದು ಜನ ಕರೆಯುವುದು ಇದನ್ನೇ. ಪಿಸ್ಟನ್ ಮೇಲೇರುವಾಗ ತನ್ನ ಮೇಲಿರುವ ಪೆಟ್ರೋಲು ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಅದೇ ಕಾಲದಲ್ಲಿ ಕೆಳಗಿನ ಗೂಡಿಗೆ ಹೊಸ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಕಿಡಿ ಹಾರಿ ಮಿಶ್ರಣ ಉರಿದೊಡನೆ ಪಿಸ್ಟನ್ ಕೆಳಕ್ಕೆ ತಳ್ಳಲ್ಪಡುತ್ತದೆ. ಕೆಳಗಿಳಿಯುತ್ತ ಮೊದಲು ಹೊಗೆಯ ಕಿಂಡಿಗಳನ್ನೂ ಅನಂತರ ಹೊಸ ಮಿಶ್ರಣದ ಕಿಂಡಿಗಳನ್ನೂ ತೆರೆಯುತ್ತದೆ. ಹಳೆಯ ಹೊಗೆ ಹೊರಗೆ, ಹೊಸ ಉಸಿರು ಒಳಗೆ. ಹೀಗೆ ಪಿಸ್ಟನ್ನಿನ ಎರಡೇ ನಡೆಗಳಲ್ಲಿ ಕೆಲಸ ಮುಗಿಯುವುದರಿಂದ ಇದಕ್ಕೆ ಟೂ ಸ್ಟ್ರೋಕ್ ಎಂದು ಹೆಸರು.

ಕೆಳಗಿನ ಗೂಡು ಮಿಶ್ರಣದ ಹಾದಿಯೇ ಆದುದರಿಂದ ಅಲ್ಲಿ ಎಣ್ಣೆಯನ್ನು ತುಂಬಿಡುವಂತಿಲ್ಲ. ಹಾಗಾದರೆ ಒಳಗಿನ ಅಂಗಗಳಿಗೆ ಜಿಡ್ಡು ಎಲ್ಲಿಂದ ಬರಬೇಕು? ಪೆಟ್ರೋಲಿನೊಡನೆಯೇ ಬರಬೇಕು. ಇಪ್ಪತ್ತರಿಂದ ಇಪ್ಪತ್ತೈದು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ಇದು ತಪ್ಪಿದರೆ ಲೋಹಕ್ಕೆ ಲೋಹವೇ ಉಜ್ಜಿ ಶಾಖವೇರುತ್ತದೆ. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಸಿಲಿಂಡರು ಬೀಡುಕಬ್ಬಿಣದ್ದು. ಅಲ್ಯೂಮಿನಿಯಮ್ಮು ಶಾಖಕ್ಕೆ ಕಬ್ಬಿಣಕ್ಕಿಂತ ಸುಮಾರು ಇಮ್ಮಡಿಯಾಗಿ ಹಿಗ್ಗುತ್ತದೆ. ಅವೆರಡರ ನಡುವೆ ಇರುವ ತೆರಪಾದರೋ ಒಂದು ತಲೆಗೂದಲಿನ ದಪ್ಪದಷ್ಟು. ಆ ತೆರಪು ತುಂಬಿದ ಕ್ಷಣವೇ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ‘ಎಂಜಿನ್ ಸೀಜ್ ಆಯಿತು’ ಎನ್ನುತ್ತಾರೆ.

ಯಂತ್ರ ಎಂಬ ಶಬ್ದವು ಯಮ್ ಎಂಬ ಧಾತುವಿನಿಂದ ಬಂದುದು. ಯಮ್ ಎಂದರೆ ನಿಗ್ರಹಿಸು, ಹಿಡಿತದಲ್ಲಿಡು ಎಂದರ್ಥ. ಸಂಯಮ, ನಿಯಮಗಳೂ ಅದೇ ಕುಲದವು. ಈ ವ್ಯುತ್ಪತ್ತಿಯನ್ನು ಎಷ್ಟೋ ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೆನು. ಬೆಂಕಿಯನ್ನು ಒಂದು ಕೂದಲೆಳೆಯ ತೆರಪಿನೊಳಗೆ ಹಿಡಿದಿಡುವ ಈ ಕೊಳವೆಯನ್ನು ಕಂಡ ಮೇಲೆಯೇ ಅದರ ಅರ್ಥ ನನಗೆ ಪೂರ್ಣವಾಗಿ ತಿಳಿದುದು.

ನನ್ನ ಸುದೈವದಿಂದ ಮೈಸೂರಿನಲ್ಲಿ ಒಬ್ಬ ವೃದ್ಧ ಮೇಸ್ತ್ರಿಗಳ ಪರಿಚಯವಾಯಿತು. ಅವರು 1973ರಲ್ಲಿ ಬಾಲ್ಯ ಕಳೆಯುವ ಮುನ್ನವೇ ಯಾದವಗಿರಿಯ ಕಾರ್ಖಾನೆಯನ್ನು ಸೇರಿ, ಅದು ಮುಚ್ಚುವ ದಿನದವರೆಗೆ ಎಂಜಿನ್ನು ಜೋಡಿಸುವ ವಿಭಾಗದಲ್ಲಿ ದುಡಿದವರು. ಅನಂತರ ತಮ್ಮ ಮನೆಯ ಮುಂದಣ ತಗಡಿನ ಚಪ್ಪರದಲ್ಲಿಯೇ ಹಳೆಯ ಗಾಡಿಗಳ ರಿಪೇರಿ ಮಾಡಿಕೊಂಡಿದ್ದಾರೆ. ಕೈ ಸ್ವಲ್ಪ ನಡುಗುತ್ತದೆ. ಸ್ಪ್ಯಾನರು ಹಿಡಿದೊಡನೆ ನಡುಕ ನಿಲ್ಲುತ್ತದೆ. “ಮಾಡಿಕೊಡ್ತೀನಿ ಮೇಷ್ಟ್ರೇ. ಆದರೆ ನನ್ನ ಕಣ್ಣು ಮೊದಲಿನ ಹಾಗಿಲ್ಲ. ನೀವು ಜೊತೇಲಿ ಕೂತು ಮಾಡೋದಾದರೆ ಮಾಡೋಣ” ಎಂದರು. ಹೀಗೆ ಅರುವತ್ತು ದಾಟಿದ ಮೇಲೆ ನಾನು ಮತ್ತೆ ಶಿಷ್ಯನಾದೆನು.

ಕಾಲು ಶತಮಾನ ನಿಂತುಹೋದ ಎಂಜಿನ್ನಿನ ಪಿಸ್ಟನ್ ತುಕ್ಕು ಹಿಡಿದು ಅಂಟಿಕೊಂಡಿತ್ತು. ಮೇಸ್ತ್ರಿಗಳು ಪ್ಲಗ್ಗಿನ ರಂಧ್ರದಿಂದ ತುಕ್ಕು ಸಡಿಲಿಸುವ ಎಣ್ಣೆಯನ್ನು ಹುಯ್ದು, “ಒಂದು ವಾರ ಇದರ ಹತ್ತಿರ ಬರಬೇಡಿ” ಎಂದರು. ನಾನು ಮೂರನೆಯ ದಿನವೇ ತಾಳ್ಮೆಗೆಟ್ಟು, ಅವರು ಊಟಕ್ಕೆ ಒಳಗೆ ಹೋಗಿದ್ದಾಗ ಕಿಕ್ಕಿನ ಮೇಲೆ ಮೈಭಾರವನ್ನೆಲ್ಲ ಹಾಕಿ ನಿಂತೆನು. ಪಿಸ್ಟನ್ ಕದಲಲಿಲ್ಲ, ಕಿಕ್ಕಿನ ಸನ್ನೆ ಬಾಗಿತು. ಜಾವಾದಲ್ಲಿ ಕಿಕ್ ಹೊಡೆಯುವುದಕ್ಕೂ ಗೇರು ಹಾಕುವುದಕ್ಕೂ ಒಂದೇ ಸನ್ನೆ. ಆದುದರಿಂದ ನಷ್ಟ ಇಮ್ಮಡಿ. ಮೇಸ್ತ್ರಿಗಳು ಬಂದು ನೋಡಿದರು. “ಮೇಷ್ಟ್ರೇ, ಮಗು ಉತ್ತರ ಹೇಳದೆ ಇದ್ದರೆ ಕಿವಿ ತಿರುಚಿ ಹೇಳಿಸ್ತಿದ್ದಿರಾ?” ಎಂದು ಕೇಳಿದರು. ತಿರುಚಿದ್ದೆನು. ಆ ಕಿವಿಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ವಾರ ಕಳೆದ ಮೇಲೆ ಮರದ ತುಂಡೊಂದನ್ನು ಇಟ್ಟು ಮೆಲ್ಲನೆ ತಟ್ಟಿದಾಗ ಪಿಸ್ಟನ್ ತಾನಾಗಿಯೇ ಇಳಿಯಿತು.

ಬಿಚ್ಚುವುದು ಎಂಬುದು ಜೋಡಿಸುವುದರ ಮೊದಲ ಪಾಠ. ಕಠಿಣವಾದ ಸಮಾಸವನ್ನು ವಿಗ್ರಹವಾಕ್ಯದಿಂದ ಬಿಡಿಸುವಾಗ ಯಾವ ಪದ ಯಾವುದರೊಡನೆ ಯಾವ ವಿಭಕ್ತಿಯಿಂದ ಕೂಡಿತ್ತೆಂಬುದನ್ನು ಗುರುತಿಟ್ಟುಕೊಳ್ಳದಿದ್ದರೆ ಅರ್ಥವೇ ಕೆಡುವುದಷ್ಟೆ. ಇಲ್ಲಿಯೂ ಹಾಗೆಯೇ. ಶನಿವಾರ ಭಾನುವಾರಗಳಲ್ಲಿ ಜೊತೆಗೆ ಬರುತ್ತಿದ್ದ ನನ್ನ ಮೊಮ್ಮಗಳು ಒಂದೊಂದು ತಿರುಪನ್ನೂ ವಾಷರನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ, ‘ಎಡಗಡೆ ಮುಚ್ಚಳ’, ‘ಕ್ಲಚ್ಚು’, ‘ತಾತ ಬೀಳಿಸಿದ್ದು’ ಎಂದು ಚೀಟಿ ಅಂಟಿಸಿದಳು. ಎಡಗಡೆ ಕ್ಲಚ್ಚು ಮತ್ತು ಸರಪಣಿ, ಬಲಗಡೆ ಡೈನಮೊ, ಮೇಲೆ ಹೆಡ್ಡು ಮತ್ತು ಸಿಲಿಂಡರು, ಇವನ್ನೆಲ್ಲ ತೆಗೆದ ಮೇಲೆ ಉಳಿಯುವುದು ಎರಡು ಚಿಪ್ಪುಗಳಾಗಿ ಬಿಚ್ಚಿಕೊಳ್ಳುವ ಗೂಡು. ಆ ಚಿಪ್ಪುಗಳ ಸಂದಿಗೆ ಸ್ಕ್ರೂಡ್ರೈವರು ತೂರಿಸಿ ಮೀಟಬಾರದು. ಗೀರು ಬಿದ್ದರೆ ಅಲ್ಲಿಂದಲೇ ಗಾಳಿ ಸೋರುತ್ತದೆ. ಸುತ್ತಲೂ ಮೃದುವಾದ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು.

ಪಿಸ್ಟನ್ನನ್ನು ಕೈಗೆ ತೆಗೆದುಕೊಳ್ಳುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮೇಸ್ತ್ರಿಗಳು ಅದರ ಮಸಿಯನ್ನು ಒರಸಿ ಬೆಳಕಿಗೆ ಹಿಡಿದರು. ಸವೆದಿತ್ತು, ತುಕ್ಕಿನ ಕಲೆಗಳಿದ್ದವು. ಆದರೆ ನಾನು ಎದುರುನೋಡಿದ ಗಾಯದ ಗೀರು ಒಂದೂ ಇರಲಿಲ್ಲ. ತಲೆಯ ಮೇಲೆ 65.50 ಎಂಬ ಅಂಕೆಯಿತ್ತು. “ಎರಡು ಸಲ ಬೋರ್ ಮಾಡಿಸಿದಾರೆ ನಿಮ್ಮ ತಂದೆಯವರು” ಎಂದರು. ಸಿಲಿಂಡರು ಸವೆದಾಗ ಅದನ್ನು ಕಾಲು ಮಿಲಿಮೀಟರಿನಷ್ಟು ಅಗಲವಾಗಿ ಕೊರೆದು, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುತ್ತಾರೆ. 65ರಿಂದ 65.25, ಅಲ್ಲಿಂದ 65.50. ಮೊದಲನೆಯ ಸಲ ಕೊರೆಸಿದುದು ನಾನು ಹುಡುಗನಾಗಿದ್ದಾಗ. ಅದು ನನಗೆ ನೆನಪಿದೆ. ಎರಡನೆಯದು ಯಾವಾಗ ನಡೆಯಿತೆಂಬುದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಎಂಜಿನ್ನಿನ ಪುನರ್ನಿರ್ಮಾಣದಲ್ಲಿ ಅತ್ಯಂತ ಸೂಕ್ಷ್ಮವಾದುದು ಕ್ರಾಂಕಿನ ಕೆಲಸ. ಪಿಸ್ಟನ್ನಿನ ಏರಿಳಿತವನ್ನು ಚಕ್ರದ ತಿರುಗಾಟವಾಗಿ ಮಾರ್ಪಡಿಸುವುದು ಇದೇ. ಎರಡು ದಪ್ಪನೆಯ ಉಕ್ಕಿನ ಬಿಲ್ಲೆಗಳ ನಡುವೆ ಒಂದು ಗೂಟ. ಗೂಟಕ್ಕೆ ಕನೆಕ್ಟಿಂಗ್ ರಾಡಿನ ಕೆಳತುದಿ ರೋಲರುಗಳ ಮೇಲೆ ಸುತ್ತುತ್ತದೆ. ಗೂಟಕ್ಕೆ ತಿರುಪಿಲ್ಲ, ನಟ್ಟಿಲ್ಲ; ರಂಧ್ರಕ್ಕಿಂತ ಅಣುಮಾತ್ರ ದಪ್ಪವಾಗಿರುವುದನ್ನು ಅತಿಭಾರದ ಪ್ರೆಸ್ಸಿನಿಂದ ಒತ್ತಿ ಕೂರಿಸಿರುತ್ತಾರೆ. ನಮ್ಮ ಎಂಜಿನ್ನಿನಲ್ಲಿ ರಾಡು ಮೇಲಕ್ಕೂ ಕೆಳಕ್ಕೂ ಅಲುಗಾಡುತ್ತಿತ್ತು. ಪಕ್ಕಕ್ಕೆ ಸ್ವಲ್ಪ ಜಾರಿದರೆ ಚಿಂತೆಯಿಲ್ಲ. ಮೇಲೆ ಕೆಳಗೆ ಆಡಿದರೆ ಆಯುಸ್ಸು ಮುಗಿದಂತೆ. ಬನ್ನಿಮಂಟಪದ ಕಡೆಯ ಒಂದು ಲೇತು ಶಾಪಿನಲ್ಲಿ ಹಳೆಯ ಗೂಟವನ್ನು ಒತ್ತಿ ತೆಗೆಸಿ, ಹೊಸ ರಾಡು, ಗೂಟ, ರೋಲರುಗಳನ್ನು ಕೂರಿಸಿದೆವು. ಅನಂತರ ಎರಡು ತುದಿಗಳ ನಡುವೆ ಅದನ್ನು ಹಿಡಿದು ತಿರುಗಿಸುತ್ತ, ಗಡಿಯಾರದಂಥ ಒಂದು ಮಾಪಕದ ಮುಳ್ಳನ್ನು ನೋಡಬೇಕು. ಮುಳ್ಳು ಆಡಿದ ಕಡೆಗೆ ತಾಮ್ರದ ಸುತ್ತಿಗೆಯಿಂದ ಒಂದು ಪೆಟ್ಟು. ಮತ್ತೆ ತಿರುಗಿಸುವುದು, ಮತ್ತೆ ನೋಡುವುದು. ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲಿಗಿಂತ ಹೆಚ್ಚಿನ ಓಲಾಟವನ್ನು ಮೇಸ್ತ್ರಿಗಳು ಒಪ್ಪಲಿಲ್ಲ. ಒಂದು ಇಡೀ ಮಧ್ಯಾಹ್ನ ಇದರಲ್ಲಿಯೇ ಕಳೆಯಿತು. ಎಲ್ಲಿ, ಎಷ್ಟು ಬಲವಾಗಿ ಹೊಡೆಯಬೇಕೆಂದು ಕೇಳಿದರೆ, “ಅದು ಕೈಗೆ ಗೊತ್ತಾಗುತ್ತೆ, ಬಾಯಿಗೆ ಬರಲ್ಲ” ಎಂದರು. ಈ ವಿದ್ಯೆಯನ್ನು ಕಲಿಯಲು ಅವರ ಬಳಿ ಈಗ ಹುಡುಗರು ಯಾರೂ ಇಲ್ಲ. ಗ್ರಂಥದಲ್ಲಿ ಬರೆದಿಟ್ಟ ವಿದ್ಯೆ ಓದುವವನಿಲ್ಲದೆಯೂ ಕೆಲವು ಕಾಲ ಬದುಕೀತು. ಕೈಯಲ್ಲಿರುವ ವಿದ್ಯೆಗೆ ಆ ಭಾಗ್ಯವಿಲ್ಲ.

ಗೂಡಿನ ಎರಡು ಚಿಪ್ಪುಗಳಲ್ಲಿ ಕ್ರಾಂಕನ್ನು ಹೊರುವ ಬೇರಿಂಗುಗಳನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವುದು ಅವಿವೇಕ. ಚಿಪ್ಪನ್ನು ಕಾಯಿಸಬೇಕು, ಬೇರಿಂಗನ್ನು ತಣಿಸಬೇಕು. ಒಂದು ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ಎತ್ತಿ ಇಟ್ಟರೆ ತಾನಾಗಿಯೇ ಕುಳಿತುಕೊಳ್ಳುತ್ತದೆ. ತಣಿಸುವ ಕಾರ್ಯಕ್ಕೆ ನಮ್ಮ ಮನೆಯ ಫ್ರಿಜ್ಜು ನೆರವಾಯಿತು. ರಾತ್ರಿ ಎಣ್ಣೆ ಕಾಗದದಲ್ಲಿ ಸುತ್ತಿ ತೆಂಗಿನ ತುರಿಯ ಡಬ್ಬಿಯ ಪಕ್ಕದಲ್ಲಿ ಇಟ್ಟೆನು. ನನ್ನ ಪತ್ನಿಯು ಬೆಳಗ್ಗೆ ಅದನ್ನು ಕಂಡು, “ಇನ್ನು ಇದೊಂದು ಬಾಕಿ ಇತ್ತು ನೋಡಿ” ಎಂದಳೇ ಹೊರತು ತೆಗೆದು ಎಸೆಯಲಿಲ್ಲ. ಆಕೆಯ ಸಹನೆಯೂ ಈ ಎಂಜಿನ್ನಿನ ಒಂದು ಭಾಗವೆಂದು ಇಲ್ಲಿ ದಾಖಲಿಸುತ್ತೇನೆ.

ಆ ಬೇರಿಂಗುಗಳನ್ನು ಒಯ್ಯಲು ಮೇಸ್ತ್ರಿಗಳು ಅಂದು ನಮ್ಮ ಮನೆಗೆ ತಾವೇ ಬಂದಿದ್ದರು. ಕಾಫಿ ಬರುವವರೆಗೆ ನನ್ನ ಓದುವ ಮೇಜಿನ ಬಳಿ ಕುಳಿತರು. ಆ ಮೇಜು ತಂದೆಯವರದು. ಅದರ ಮೇಲೆ ಅವರ ಕಾಲದಿಂದಲೂ ಲೋಹದ ಒಂದು ಲೇಖನಿಪಾತ್ರೆಯಿದೆ. ಲೋಟದಾಕಾರದ್ದು, ತಳಕ್ಕೆ ಹಸಿರು ಬನಾತು ಅಂಟಿಸಿದೆ. ವಿದ್ಯಾರ್ಥಿಯಾಗಿದ್ದಾಗಿನಿಂದ ಅದರಿಂದಲೇ ಲೇಖನಿ ತೆಗೆದು ಬರೆದಿದ್ದೇನೆ. ಮೇಸ್ತ್ರಿಗಳು ಲೇಖನಿಗಳನ್ನೆಲ್ಲ ಹೊರಗಿಟ್ಟು ಅದನ್ನು ಕೈಯಲ್ಲಿ ತಿರುಗಿಸಿದರು. “ಇದು ಎಲ್ಲಿ ಸಿಕ್ಕಿತು ಮೇಷ್ಟ್ರೇ?” ಎಂದು ಕೇಳಿ, ನನ್ನ ಅಪ್ಪಣೆ ಪಡೆದು, ಬನಾತಿನ ಅಂಚನ್ನು ಉಗುರಿನಿಂದ ಬಿಡಿಸಿದರು. ಅಡಿಯಲ್ಲಿ 65.25 ಎಂದು ಒತ್ತಿದ್ದ ಅಂಕೆ ಕಂಡಿತು.

“ನಿಮ್ಮ ಗಾಡಿಯದೇ ಪಿಸ್ಟನ್ನು. ಈಗ ಬಿಚ್ಚಿದೆವಲ್ಲ, ಅದಕ್ಕಿಂತ ಹಿಂದಿನ ಅಳತೆ” ಎಂದರು. ಗೋಡೆಯ ಕಡೆಗೆ ಸದಾ ತಿರುಗಿರುತ್ತಿದ್ದ ಪಕ್ಕವನ್ನು ಬೆಳಕಿಗೆ ಹಿಡಿದರು. ಮೇಲಿನಿಂದ ಕೆಳಗಿನವರೆಗೆ ನೇಗಿಲ ಸಾಲಿನಂಥ ಗೀರುಗಳು. “ಎಣ್ಣೆ ಇಲ್ಲದೆ ಓಡಿಸಿದಾರೆ ಯಾರೋ. ಒಂದೇ ಸಲ ಕಚ್ಚಿದೆ.”

ಯಾರೆಂದು ಅವರು ಕೇಳಲಿಲ್ಲ. ನನ್ನ ಮುಖ ನೋಡಿ, ಕಾಫಿ ಕುಡಿದು, ಬೇರಿಂಗುಗಳನ್ನು ತೆಗೆದುಕೊಂಡು ಹೊರಟರು.

ನಮ್ಮ ತಾಯಿಯವರಿಗೆ ಈಗ ಎಂಬತ್ತಾರು ವಯಸ್ಸು. ಹಗಲೆಲ್ಲ ಹಜಾರದ ಕಿಟಕಿಯ ಪಕ್ಕದಲ್ಲಿ ಕುಳಿತಿರುತ್ತಾರೆ. ಆ ಸಂಜೆ ಪಿಸ್ಟನ್ನನ್ನು ಅವರ ಮಡಿಲಲ್ಲಿಟ್ಟು, ನಲವತ್ತು ವರ್ಷಗಳ ಹಿಂದೆ ತಂದೆಯವರಿಗೆ ಹೇಳಬೇಕಾಗಿದ್ದುದನ್ನು ಅವರಿಗೆ ಹೇಳಿದೆನು. ಪೂರ್ಣವಾಗಿ ಕೇಳಿ ಅವರು ನಕ್ಕರು.

“ಅವರಿಗೆ ಅವತ್ತೇ ಗೊತ್ತಾಯ್ತಪ್ಪ. ಮಾರನೇ ದಿನ ಗಾಡಿ ಶಬ್ದ ಕೇಳಿದ ಕೂಡಲೇ, ಇವನು ಎಣ್ಣೆ ಹಾಕಿಲ್ಲ ಅಂದರು. ನೀನು ಪಾಠಶಾಲೆಗೆ ಹೋದ ಮೇಲೆ ಮೈಸೂರಿಗೆ ತಗೊಂಡು ಹೋಗಿ ಬಿಟ್ಟು ಬಂದರು. ರಿಪೇರಿಗೆ ದುಡ್ಡು ಹೊಂದಿಸೋವರೆಗೆ ಎರಡು ತಿಂಗಳು ನಾಲೆ ಮೇಲೆ ಸೈಕಲ್ಲಲ್ಲೇ ಓಡಾಡಿದರು.”

ಆ ಎರಡು ತಿಂಗಳು ನನಗೆ ನೆನಪಾಯಿತು. ವೈದ್ಯರು ವ್ಯಾಯಾಮ ಹೇಳಿದ್ದಾರೆ, ಅದಕ್ಕೇ ಸೈಕಲ್ಲು ಎಂದಿದ್ದರು. ನಾನು ನಂಬಿದ್ದೆನು.

“ನನ್ನನ್ನು ಯಾಕಮ್ಮ ಕೇಳಲಿಲ್ಲ?” ಎಂದೆನು.

“ನಾನೂ ಕೇಳಿದೆ. ಅವನಾಗೇ ಹೇಳಲಿ ಅಂದರು. ಮೇಜಿನ ಮೇಲೆ ಇಟ್ಟಿರ್ತೀನಿ, ಒಂದಲ್ಲ ಒಂದು ದಿನ ಕೇಳ್ತಾನೆ ಇದೇನು ಅಂತ. ಆಗ ಮಾತಾಡೋಣ ಅಂದರು.”

ತಂದೆಯವರು ಅದಾದ ಮೇಲೆ ಹದಿನಾರು ವರ್ಷ ಬದುಕಿದ್ದರು. ನಾನು ಒಂದು ದಿನವೂ ಕೇಳಲಿಲ್ಲ. ನೂರಾರು ಮಕ್ಕಳಿಗೆ ‘ಪ್ರಶ್ನೆ ಕೇಳಿರಿ’ ಎಂದು ಬೋಧಿಸಿದವನು ನಾನು. ಇದಕ್ಕಿಂತ ಹೆಚ್ಚಾಗಿ ಈ ವಿಷಯದಲ್ಲಿ ಬರೆಯಲಾರೆನು.

ಮುಂದಿನ ಕೆಲಸಗಳು ಬೇಗ ಬೇಗ ಸಾಗಿದವು. ಸಿಲಿಂಡರನ್ನು 65.75ಕ್ಕೆ ಕೊರೆಸಿ ಅದಕ್ಕೆ ತಕ್ಕ ಹೊಸ ಪಿಸ್ಟನ್ ತಂದೆವು. ಪಿಸ್ಟನ್ನಿನ ತಲೆಯ ಮೇಲಿನ ಬಾಣದ ಗುರುತು ಹೊಗೆಕಿಂಡಿಯ ಕಡೆಗೆ, ಅಂದರೆ ಮುಂದಕ್ಕೆ ಇರಬೇಕು. ರಿಂಗುಗಳ ತುದಿಗಳು ತಂತಮ್ಮ ಪುಟ್ಟ ಗೂಟಗಳಿಗೆ ಸರಿಯಾಗಿ ಕೂಡಬೇಕು. ತಪ್ಪಿದರೆ ತುದಿಯು ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ಕ್ರಾಂಕಿನ ಎರಡು ಬದಿಗಳಿಗೂ ಹೊಸ ಆಯಿಲ್ ಸೀಲುಗಳನ್ನು ಹಾಕಿದೆವು. ರಬ್ಬರಿನ ಈ ಬಳೆಗಳು ಅಲ್ಪಬೆಲೆಯವು, ಆದರೆ ಟೂ ಸ್ಟ್ರೋಕ್ ಎಂಜಿನ್ನಿನ ಪ್ರಾಣ ಇವುಗಳಲ್ಲಿದೆ. ಕ್ಲಚ್ಚಿನ ಬದಿಯದು ಹರಿದರೆ ಗೂಡು ಆ ಕಡೆಯ ಎಣ್ಣೆಯನ್ನೆಲ್ಲ ಹೀರಿ ದಟ್ಟವಾದ ಹೊಗೆ ಬಿಡುತ್ತದೆ. ಡೈನಮೊ ಬದಿಯದು ಹರಿದರೆ ಹೊರಗಿನ ಗಾಳಿ ನುಗ್ಗಿ, ಮಿಶ್ರಣ ತೆಳುವಾಗಿ, ಎಂಜಿನ್ನು ಅತಿಯಾಗಿ ಕಾಯುತ್ತದೆ. ಹಳೆಯ ಗಾಡಿ ಕೊಂಡು ಕಾರ್ಬುರೇಟರನ್ನೇ ಹತ್ತು ಸಲ ಬಿಚ್ಚಿ ಬಳಲುವವರು ಈ ಮಾತನ್ನು ಗಮನಿಸಬೇಕು. ಕಿಡಿಯ ಪಾಯಿಂಟುಗಳ ತೆರಪನ್ನು 0.4 ಮಿಲಿಮೀಟರಿಗೆ ಇಟ್ಟು, ಪಿಸ್ಟನ್ ಶಿಖರ ಮುಟ್ಟುವುದಕ್ಕೆ ಕೆಲವು ಮಿಲಿಮೀಟರು ಮೊದಲೇ ಕಿಡಿ ಹಾರುವಂತೆ ಹೊಂದಿಸಿದೆವು. ಉರಿ ಹಬ್ಬುವುದಕ್ಕೂ ಸ್ವಲ್ಪ ಕಾಲ ಬೇಕಲ್ಲವೆ?

ಯುಗಾದಿಗೆ ನಾಲ್ಕು ದಿನವಿರುವಾಗ ಎಂಜಿನ್ನು ಚೌಕಟ್ಟನ್ನು ಸೇರಿತು. ಗಾಡಿಯನ್ನು ನಮ್ಮ ಮನೆಯ ಅಂಗಳಕ್ಕೆ ತಂದೆವು. ತಮ್ಮನೂ ಬಂದಿದ್ದನು. ಪೆಟ್ರೋಲಿಗೆ ಎಣ್ಣೆಯನ್ನು ನಾನೇ ಅಳೆದು ಬೆರೆಸಿದೆನು. ಹೊಸ ಎಂಜಿನ್ನಾದುದರಿಂದ ಇಪ್ಪತ್ತಕ್ಕೆ ಒಂದರಂತೆ. “ಹೊಡೀರಿ ಮೇಷ್ಟ್ರೇ. ಈಗ ಹೊಡೆಯಬಹುದು” ಎಂದರು ಮೇಸ್ತ್ರಿಗಳು. ಮೊದಲ ನಾಲ್ಕು ಕಿಕ್ಕುಗಳಿಗೆ ಉತ್ತರವಿಲ್ಲ. ಐದನೆಯದಕ್ಕೆ ಒಂದು ಕೆಮ್ಮು. ಏಳನೆಯದಕ್ಕೆ ನೀಲಿ ಹೊಗೆಯೆದ್ದು, ನಾಲೆಯ ಏರಿಯ ಮೇಲೆ ಕೇಳುತ್ತಿದ್ದ ಅದೇ ಶಬ್ದವು ಅಂಗಳವನ್ನು ತುಂಬಿತು. ಹಜಾರದ ಕಿಟಕಿಯಿಂದ ತಾಯಿಯವರು ಸೊಸೆಯನ್ನು ಕೂಗಿ, “ಕಾಫಿಗೆ ನೀರಿಡಮ್ಮ” ಎಂದರು.

ತಮ್ಮನು ಗಿರಾಕಿಯ ಮಾತನ್ನು ಮತ್ತೆ ಎತ್ತಲಿಲ್ಲ. ಮನೆಯನ್ನು ಮಾರಿದೆವು, ಗಾಡಿ ಉಳಿಯಿತು. ಮೊದಲ ಸಾವಿರ ಕಿಲೋಮೀಟರು ಗಂಟೆಗೆ ನಲವತ್ತನ್ನು ಮೀರಕೂಡದೆಂದು ಮೇಸ್ತ್ರಿಗಳ ಆಜ್ಞೆ. ನನ್ನ ವಯಸ್ಸಿನವನಿಗೆ ಅದು ಕಷ್ಟದ ನಿಯಮವಲ್ಲ. ತಮ್ಮನ ಮಗನು ಈಗ ಭಾನುವಾರಗಳಲ್ಲಿ ಮೇಸ್ತ್ರಿಗಳ ಚಪ್ಪರಕ್ಕೆ ಹೋಗಿ ತಾಮ್ರದ ಸುತ್ತಿಗೆ ಹಿಡಿಯುವುದನ್ನು ಕಲಿಯುತ್ತಿದ್ದಾನೆ. ಎಷ್ಟು ದಿನ ಹೋಗುವನೋ ಹೇಳಲಾರೆನು, ಹೋಗುತ್ತಿರುವುದಂತೂ ನಿಜ.

ವಾಚಕ ಮಹಾಶಯರ ಮನೆಗಳಲ್ಲಿಯೂ ಕೊಟ್ಟಿಗೆಯ ಮೂಲೆಯಲ್ಲೋ ಅಟ್ಟದ ಮೇಲೋ ಹಿರಿಯರ ವಸ್ತುವೊಂದು ಮೌನವಾಗಿ ಕುಳಿತಿರಬಹುದು. ಅದನ್ನು ಮಾರುವುದಾದರೆ ಮಾರಿರಿ, ದೋಷವೇನಿಲ್ಲ. ಮಾರುವುದಕ್ಕೆ ಮುನ್ನ, ಮನೆಯಲ್ಲಿ ಹಿರಿಯರು ಇನ್ನೂ ಇರುವಾಗಲೇ, ‘ಇದೇನು?’ ಎಂದು ಒಮ್ಮೆ ಕೇಳಿರಿ.

ಪಿಸ್ಟನ್ ಈಗಲೂ ನನ್ನ ಮೇಜಿನ ಮೇಲಿದೆ, ಗೀರಿನ ಪಕ್ಕ ಮುಂದೆ ಕಾಣುವಂತೆ. ಗಾಡಿಯ ಪೆಟ್ರೋಲು ಮುಚ್ಚಳದ ಕೆಳಗೆ ಮೊಮ್ಮಗಳು ಒಂದು ಚೀಟಿ ಅಂಟಿಸಿದ್ದಾಳೆ: ‘ತಾತ, ಎಣ್ಣೆ ಹಾಕಿದ್ಯಾ?’